ವೋಟು ಕಾಯೋಕೆ ಕರೆದರೆ ಪೆನ್ನು ಹಿಡ್ಕೊಂಡು ಹೋಗು

ಊರಿನ ಹುಡುಗರೇ, ಹುಡುಗರ ಅಪ್ಪ ಅಮ್ಮಂದಿರೇ,

ಈ ಹಾಳೆಯನ್ನು ಬೋಂಡದಂಗಡಿಗೆ ಕೊಡುವ ಮುಂಚೆ ಒಂದು ಸಲ ಓದಿ. ಓದಿದ ಮೇಲೆ ಇದರಲ್ಲೇ ಬೋಂಡ ಕಟ್ಟಿಸಿಕೊಂಡರೂ ಬೇಜಾರಿಲ್ಲ. ಇದರಲ್ಲಿ ಯಾವ ಅಭ್ಯರ್ಥಿಯ ಹೆಸರೂ ಇಲ್ಲ, ಯಾವ ಪಕ್ಷದ ಗುರುತೂ ಇಲ್ಲ. ಇಂಥವರಿಗೆ ವೋಟು ಹಾಕಿ ಎಂದು ಹೇಳುವುದಿಲ್ಲ, ಹಾಕಬೇಡಿ ಎಂದೂ ಹೇಳುವುದಿಲ್ಲ.

ನಾನು ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಚುನಾವಣೆಯ ಫಲಿತಾಂಶ ನಿಮಗೆಲ್ಲ ಟಿವಿಯಲ್ಲಿ ಒಂದೇ ದಿನಕ್ಕೆ ಗೊತ್ತಾಗುತ್ತದೆ. ನನ್ನ ಅಂಗಡಿಗೆ ಅದು ಎರಡು ಮೂರು ವಾರ ಕಂತು ಕಂತಾಗಿ ಬರುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಯಾರೋ ಒಬ್ಬ ತಾಯಿ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಒಳಗೆ ಪಹಣಿ, ಆಧಾರ್, ರೇಷನ್ ಕಾರ್ಡು. "ಎಲ್ಲದರದ್ದೂ ಎರಡೆರಡು ಕಾಪಿ ತೆಗಿಯಪ್ಪಾ, ಶೂರಿಟಿಗೆ ಬೇಕಂತೆ." ಆಮೇಲೆ ಕೆಲವು ತಿಂಗಳಿಗೆ ಚಾರ್ಜ್‌ಶೀಟು ಬರುತ್ತದೆ. ಓದಬಾರದು ಅಂದುಕೊಂಡರೂ ಮೆಷಿನ್ನಿಗೆ ಹಾಳೆ ಇಡುವಾಗ ಕಣ್ಣು ಹಾಯುತ್ತದೆ. ಎ1ರಿಂದ ಎ14ರವರೆಗೆ ಸಾಲಾಗಿ ಆರೋಪಿಗಳ ಹೆಸರು, ತಂದೆ ಹೆಸರು. ವಯಸ್ಸು 19, 22, 20. ಕಸುಬು ಕೂಲಿ, ಪೇಂಟಿಂಗ್, ಗಾರೆ ಕೆಲಸ, ವಿದ್ಯಾರ್ಥಿ. ಇವರನ್ನೆಲ್ಲ ಗಾಡಿ ಹತ್ತಿಸಿ ಕಳಿಸಿದ ಅಣ್ಣನ ಹೆಸರನ್ನು ಆ ಪಟ್ಟಿಯಲ್ಲಿ ನಾನು ಇದುವರೆಗೆ ಒಂದು ಸಲವೂ ನೋಡಿಲ್ಲ.

ಹೀಗೆ ಹೇಳಿದರೆ ನೀವು ನನ್ನನ್ನು ಬುದ್ಧಿ ಹೇಳುವ ಮೇಷ್ಟ್ರು ಅಂದುಕೊಳ್ಳಬಹುದು. ನಾನೂ ಒಂದು ಕಾಲಕ್ಕೆ ಎ9.

ಆಗ ನನಗೆ ಇಪ್ಪತ್ತೊಂದು. ಡಿಗ್ರಿಯಲ್ಲಿ ಎರಡು ಸಬ್ಜೆಕ್ಟು ಬಾಕಿ. ಬೆಳಗಿಂದ ಸಂಜೆವರೆಗೂ ಅರಳಿಕಟ್ಟೆಯ ಮೇಲೆ ಕೂತು ಹೋಗಿ ಬರುವವರ ಚಪ್ಪಲಿ ನೋಡುವುದೇ ಕೆಲಸ. ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದ. ಒಂದು ದಿನ ಕಟ್ಟೆಯ ಪಕ್ಕ ಕಾರು ನಿಂತಿತು, ಗಾಜು ಇಳಿಯಿತು. ಒಳಗಿದ್ದ ಅಣ್ಣ ನನ್ನ ಹೆಸರು ಹಿಡಿದು ಕರೆದ. "ಏನೋ, ನಿಮ್ಮಪ್ಪನ ಕಾಲು ನೋವು ಹೇಗಿದೆ?" ಅಷ್ಟೇ. ದುಡ್ಡು ಕೊಡಲಿಲ್ಲ, ಭಾಷಣ ಮಾಡಲಿಲ್ಲ. ಮಾರನೇ ದಿನ ಅವನ ಕಡೆಯವನೊಬ್ಬ ಬಂದು "ಅಣ್ಣ ನಿನ್ನ ಕೇಳ್ತಿದ್ರು ಕಣೋ" ಅಂದ. ಆಯಿತು, ನಾನು ಹೊರಟೆ. ಐನೂರು ರೂಪಾಯಿಗೆ ಮಾನ ಮಾರಿಕೊಂಡೆ ಅಂತ ಅಮ್ಮ ಆಮೇಲೆ ಅತ್ತಳು. ಅದು ಸುಳ್ಳು. ಐನೂರು ಕೊಟ್ಟಿದ್ದು ನಿಜ, ಬಾಡೂಟ ಹಾಕಿದ್ದೂ ನಿಜ. ಆದರೆ ಇಡೀ ತಾಲ್ಲೂಕಿನಲ್ಲಿ ನನ್ನನ್ನು ಕೇಳಿದವನು ಅವನೊಬ್ಬನೇ. ಅದಕ್ಕೆ ಹೋದೆ. "ಹುಡುಗರು ಎಣ್ಣೆಗೆ, ಬಿರಿಯಾನಿಗೆ ಹೋಗ್ತಾರೆ" ಎಂದು ಟಿವಿಯಲ್ಲಿ ಕೂತು ನಗುವವರಿಗೆ ಈ ಹಸಿವು ಗೊತ್ತಿಲ್ಲ.

ವೋಟಿನ ದಿನ ನಮ್ಮನ್ನು ಪಕ್ಕದ ಹಳ್ಳಿಯ ಬೂತಿಗೆ ಬಿಟ್ಟರು. ಹೊಂಗೆ ಮರದ ಕೆಳಗೆ ಇಪ್ಪತ್ತು ಜನ, ಕೆಲವರ ಕೈಯಲ್ಲಿ ಕ್ರಿಕೆಟ್ ವಿಕೆಟ್ಟು. "ಆ ಕಡೆಯವರು ಹುಡುಗರನ್ನ ಇಳಿಸ್ತಾರಂತೆ, ನಮ್ಮ ವೋಟು ನಾವು ಕಾಯಬೇಕು" ಅಂತ ಹೇಳಿದ್ದರು. ಆ ಕಡೆಯ ಹುಡುಗರಿಗೂ ಇದೇ ಮಾತು ಹೇಳಿದ್ದರೆಂದು ಆಮೇಲೆ ಕೋರ್ಟಿನ ಬೆಂಚಿನ ಮೇಲೆ ಒಟ್ಟಿಗೆ ಕೂತಾಗ ಗೊತ್ತಾಯಿತು. ಮಧ್ಯಾಹ್ನದವರೆಗೆ ನಾವು ಯಾರನ್ನೂ ಮುಟ್ಟಲಿಲ್ಲ. ಒಬ್ಬ ಮುದುಕ, ಜೊತೆಗೆ ಅವನ ಹೆಂಡತಿ, ಇಬ್ಬರೂ ಕೈಯಲ್ಲಿ ಚೀಟಿ ಹಿಡಿದು ಬರುತ್ತಿದ್ದರು. ನಮ್ಮನ್ನು ಕಂಡು ಮುದುಕ ನಿಂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹೆಂಡತಿಗೆ ಏನೋ ಅಂದು ಬಂದ ದಾರಿಯಲ್ಲೇ ವಾಪಸ್ಸು ಹೋದ. ನಮ್ಮಲ್ಲಿ ಒಬ್ಬ ನಕ್ಕ. ನಾನೂ ನಕ್ಕೆ ಅಂತ ಕಾಣುತ್ತದೆ. ಸಂಜೆ ಗಲಾಟೆಯಾಗಿ ಯಾರದೋ ತಲೆ ಒಡೆದದ್ದು, ಕೇಸಾದದ್ದು ಎಲ್ಲ ಬೇರೆ ಮಾತು. ನನ್ನ ಕಣ್ಣಿಗೆ ಇವತ್ತಿಗೂ ಕಟ್ಟುವುದು ಆ ಟವೆಲ್ಲು.

ಕೇಸು ಏಳು ವರ್ಷ ನಡೆಯಿತು. ವಾಯಿದೆಗೆ ಹೋಗುವುದು, ಕೂಗಿದಾಗ ಕೈ ಕಟ್ಟಿ ನಿಲ್ಲುವುದು, ಮುಂದಿನ ತಾರೀಖು ಬರೆದುಕೊಂಡು ಬರುವುದು. ನಡುವೆ ಒಂದು ಸರ್ಕಾರಿ ಕೆಲಸಕ್ಕೆ ಹೆಸರು ಬಂದಿತ್ತು, ಪೊಲೀಸ್ ವೆರಿಫಿಕೇಶನ್‌ನಲ್ಲಿ ನಿಂತಿತು. ಕೊನೆಗೆ ಸಾಕ್ಷಿಗಳು ಉಲ್ಟಾ ಹೊಡೆದು ಕೇಸು ಬಿದ್ದುಹೋಯಿತು. ಆ ಹೊತ್ತಿಗೆ ನಾನು ಈ ಅಂಗಡಿ ಹಾಕಿದ್ದೆ. ಮುಂದಿನ ಚುನಾವಣೆಗೆ ಅಣ್ಣನ ಕಡೆಯವರು ನಾಮಪತ್ರದ ಜೊತೆ ಕೊಡುವ ಅಫಿಡವಿಟ್ಟಿನ ಕಾಪಿ ತೆಗೆಸಲು ನನ್ನ ಅಂಗಡಿಗೇ ಬಂದರು. ಅದು ನಮೂನೆ 26. ಅಭ್ಯರ್ಥಿಯ ಆಸ್ತಿ, ಸಾಲ, ಅವನ ಮೇಲಿರುವ ಕ್ರಿಮಿನಲ್ ಕೇಸು ಎಲ್ಲವನ್ನೂ ಅದರಲ್ಲಿ ಪ್ರಮಾಣ ಮಾಡಿ ಬರೆಯಬೇಕು. ಕೇಸುಗಳ ಕಾಲಮ್ಮಿನಲ್ಲಿ "ಇಲ್ಲ" ಎಂದಿತ್ತು. ನಾನೇ ಆರು ಕಾಪಿ ತೆಗೆದುಕೊಟ್ಟೆ. ಆ "ಇಲ್ಲ" ಅನ್ನುವ ಎರಡು ಅಕ್ಷರಕ್ಕಾಗಿ ಕೇಸಿನಲ್ಲಿದ್ದ ನಾವು ಹದಿನಾಲ್ಕು ಜನ ಏಳು ವರ್ಷ ಕೈ ಕಟ್ಟಿ ನಿಂತಿದ್ದೆವು.

ಇಷ್ಟು ಹೇಳಿದ ಕೂಡಲೇ "ಯಾವ ಪಾರ್ಟಿ ಅಣ್ಣ ಅದು?" ಅನ್ನುವ ಪ್ರಶ್ನೆ ನಿಮ್ಮ ತಲೆಯಲ್ಲಿ ಎದ್ದಿರುತ್ತದೆ. ನಿಮ್ಮ ಪಾರ್ಟಿ ಅಲ್ಲದಿದ್ದರೆ ಖುಷಿಪಡುತ್ತೀರಿ, ನಿಮ್ಮದೇ ಆಗಿದ್ದರೆ ನಾನು ಸುಳ್ಳುಗಾರ. ಅದಕ್ಕೇ ನಮ್ಮೂರಿನದು ಸಾಕು. ನಿಮ್ಮ ಯಾವ ಪಾರ್ಟಿಯೂ ಇಲ್ಲದ ಒಂದು ದೇಶದ ಕಥೆ ಹೇಳುತ್ತೇನೆ. ಆಫ್ರಿಕಾದ ಪಶ್ಚಿಮ ಕರಾವಳಿಯ ಘಾನಾ. ಒಬ್ಬ ವಕೀಲರು ಆ ದೇಶದ ಒಂದು ವಿಚಾರಣಾ ಆಯೋಗದ ಬಗ್ಗೆ ಪ್ರಿಂಟು ತೆಗೆಸಲು ಬಂದಿದ್ದರು. ಕುತೂಹಲಕ್ಕೆ ಓದಿದೆ, ಆಮೇಲೆ ಹುಡುಕಿಕೊಂಡು ಓದಿದೆ.

ಪುತ್ತೂರಿನ ಕಡೆ ಅಡಿಕೆ ತೋಟದ ನಡುವೆ ಕೊಕೊ ಹಾಕುತ್ತಾರಲ್ಲ, ಚಾಕೊಲೇಟಿನ ಆ ಕೊಕೊವನ್ನು ಪ್ರಪಂಚದಲ್ಲಿ ಅತಿ ಹೆಚ್ಚು ಬೆಳೆಯುವ ದೇಶಗಳಲ್ಲಿ ಘಾನಾ ಒಂದು. ಇಂಗ್ಲಿಷರ ಕೈಯಿಂದ 1957ರಲ್ಲಿ ಬಿಡುಗಡೆಯಾಯಿತು. ಮಿಲಿಟರಿ ಆಡಳಿತಗಳನ್ನೆಲ್ಲ ದಾಟಿ 1992ರಿಂದ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಸಿಕೊಂಡು ಬಂದಿದೆ. ಸೋತವರು ಕುರ್ಚಿ ಬಿಟ್ಟು ಇಳಿಯುತ್ತಾರೆ, ಆ ಒಳ್ಳೆಯ ಹೆಸರೂ ಅದಕ್ಕಿದೆ. ಎನ್‌ಪಿಪಿ, ಎನ್‌ಡಿಸಿ ಎಂದು ಎರಡು ದೊಡ್ಡ ಪಕ್ಷ. 2001, 2009, 2017, 2025, ಲೆಕ್ಕ ಹಾಕಿ, ಎಂಟು ವರ್ಷಕ್ಕೊಮ್ಮೆ ಅಧಿಕಾರ ಈ ಕೈಯಿಂದ ಆ ಕೈಗೆ. ಎರಡರ ನಡುವಿನ ಅಂತರ ಎಷ್ಟು ಸಣ್ಣದೆಂದರೆ, 2008ರ ಎರಡನೇ ಸುತ್ತಿನಲ್ಲಿ ಇಡೀ ದೇಶದ ಅಧ್ಯಕ್ಷ ಪದವಿ ಸುಮಾರು 40,000 ವೋಟಿನಲ್ಲಿ ತೀರ್ಮಾನವಾಯಿತು. ಅಷ್ಟು ಕಡಿಮೆ ಅಂತರವಿದ್ದಾಗ ಒಂದೊಂದು ಪೆಟ್ಟಿಗೆಯೂ ಚಿನ್ನ. ಪೆಟ್ಟಿಗೆ ಕಾಯಲು ಪೊಲೀಸರಿದ್ದಾರಲ್ಲ ಅಂದರೆ, ಪೊಲೀಸರು ಆಳುವ ಪಕ್ಷದವರು ಎಂದು ಎದುರು ಪಕ್ಷಕ್ಕೆ ಅನುಮಾನ. ಅಲ್ಲಿಂದ ಹುಡುಗರ ಪಡೆಗಳು ಶುರು.

ಮೈಕಟ್ಟು ಬೆಳೆಸಿದ ಹುಡುಗರಿಗೆ ಅಲ್ಲಿ ಮ್ಯಾಚೋ ಮೆನ್ ಅನ್ನುತ್ತಾರೆ, ಪಕ್ಷದ ಕಾಲಾಳುಗಳಿಗೆ ಫುಟ್ ಸೋಲ್ಜರ್ಸ್. ಉತ್ತರದ ತಮಾಲೆ ಪಟ್ಟಣದಲ್ಲಿ ಒಂದು ಪಕ್ಷದ ಕಡೆಗೆ ಅಜೋರ್ಕಾ ಬಾಯ್ಸ್, ಇನ್ನೊಂದರ ಕಡೆಗೆ ಕಂದಹಾರ್ ಬಾಯ್ಸ್. ಕುಮಾಸಿ ನಗರದಲ್ಲಿ ಡೆಲ್ಟಾ ಫೋರ್ಸ್. ಬೇರೆ ಕಡೆ ಇನ್ವಿನ್ಸಿಬಲ್ ಫೋರ್ಸಸ್, ಹಾಕ್ಸ್. ಹೆಸರು ಕೇಳಿದರೆ ನಮ್ಮ ಗಣಪತಿ ಮೆರವಣಿಗೆಯ ಟೀ ಶರ್ಟಿನ ಹಿಂದೆ ಬರೆಸುವ ಹೆಸರುಗಳ ಹಾಗೇ ಇಲ್ಲವೇ? ಸೇರಿದವರು ಯಾರು? ನಿರುದ್ಯೋಗಿಗಳು, ಲಾರಿ ಸ್ಟ್ಯಾಂಡಿನಲ್ಲಿ ಕೂಗುವವರು, ಜಿಮ್ಮಿಗೆ ಹೋಗುವವರು. ಗೆದ್ದರೆ ಭದ್ರತಾ ಇಲಾಖೆಯಲ್ಲಿ ಕೆಲಸ, ಒಂದು ಬೈಕು, ಸಣ್ಣದೊಂದು ಕಂಟ್ರಾಕ್ಟು ಎಂಬ ಆಸೆ. ಕೆಲವರಿಗೆ ಅದೂ ಇಲ್ಲ. ಆ ಕಡೆಯ ಗುಂಪಿನಿಂದ ಹೊಡೆತ ತಿಂದಿದ್ದರು, ಈ ಕಡೆಯ ಗುಂಪು ಸೇರಿದರು.

ಗೆದ್ದ ಮೇಲೆ ಅವರಿಗೆ ಸಿಕ್ಕಿದ್ದೇನು ಗೊತ್ತೇ? 2009ರಲ್ಲಿ ಒಂದು ಪಕ್ಷ ಗೆದ್ದಾಗ ಅದರ ಹುಡುಗರು, 2017ರಲ್ಲಿ ಇನ್ನೊಂದು ಗೆದ್ದಾಗ ಇದರ ಹುಡುಗರು, ಊರೂರಿನಲ್ಲಿ ನುಗ್ಗಿ ವಶಪಡಿಸಿಕೊಂಡದ್ದು ಟೋಲ್ ಗೇಟುಗಳನ್ನು ಮತ್ತು ಸಾರ್ವಜನಿಕ ಕಕ್ಕಸುಗಳನ್ನು. ನಗಬೇಡಿ. ಘಾನಾದ ಪಟ್ಟಣಗಳಲ್ಲಿ ಎಷ್ಟೋ ಮನೆಗೆ ಸ್ವಂತ ಕಕ್ಕಸಿಲ್ಲ, ಕಾಸು ಕೊಟ್ಟು ಸಾರ್ವಜನಿಕದ್ದಕ್ಕೆ ಹೋಗಬೇಕು. ದಿನಾ ಚಿಲ್ಲರೆ ಬೀಳುವ ಜಾಗ ಅದು. ನಾಯಕ ಅರಮನೆಗೆ ಹೋದ, ಹುಡುಗ ಕಕ್ಕಸಿನ ಬಾಗಿಲಲ್ಲಿ ಚಿಲ್ಲರೆ ಎಣಿಸಲು ಕೂತ. ಮುಂದಿನ ಸಲ ಸರ್ಕಾರ ಬದಲಾದಾಗ ಇನ್ನೊಬ್ಬ ಹುಡುಗ ಬಂದು ಇವನ ಕುತ್ತಿಗೆ ಹಿಡಿದು ಎಬ್ಬಿಸಿದ.

2017ರ ಮಾರ್ಚಿನಲ್ಲಿ ಕುಮಾಸಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಡೆಲ್ಟಾ ಫೋರ್ಸಿನ ಹುಡುಗರು ತಮ್ಮದೇ ಪಕ್ಷದಿಂದ ಗೆದ್ದ ದೇಶದ ಹೊಸ ಅಧ್ಯಕ್ಷ ನೇಮಿಸಿದ ಪ್ರಾಂತ್ಯದ ಭದ್ರತಾ ಅಧಿಕಾರಿಯ ಆಫೀಸಿಗೆ ನುಗ್ಗಿ ಅವನನ್ನು ಹೊರಗೆ ತಳ್ಳಿದರು. ನಾವು ದುಡಿದು ಗೆಲ್ಲಿಸಿದ್ದು, ಕುರ್ಚಿ ಬೇರೆಯವನಿಗೆ ಯಾಕೆ ಎಂಬುದು ಅವರ ಸಿಟ್ಟು. 13 ಜನರನ್ನು ಹಿಡಿದು ಏಪ್ರಿಲ್ 6ರಂದು ಕೋರ್ಟಿಗೆ ತಂದರೆ, ಜೊತೆಗಾರರು ಕೋರ್ಟಿನೊಳಕ್ಕೇ ನುಗ್ಗಿ ಅವರನ್ನು ಬಿಡಿಸಿಕೊಂಡು ಹೋದರು. ನನಗೆ ಇದರಲ್ಲಿ ಕಾಣುವುದು ಧೈರ್ಯವಲ್ಲ, ವಸೂಲಾಗದ ಸಾಲದ ಹತಾಶೆ. ನಾಯಕ ತನಗೆ ಋಣಿ ಎಂದು ಹುಡುಗ ನಂಬಿರುತ್ತಾನೆ. ಆ ಸಾಲಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಕೊಟ್ಟವನಿಗೆ ಮಾತ್ರ ನೆನಪಿರುವ ಸಾಲ.

ಆಮೇಲೆ 2019ರ ಜನವರಿ 31. ರಾಜಧಾನಿ ಅಕ್ರಾದ ಒಂದು ಕ್ಷೇತ್ರದಲ್ಲಿ, ಅಯಾವಾಸೊ ವೆಸ್ಟ್ ವುವೊಗೊನ್ ಅಂತ ಅದರ ಹೆಸರು, ಉಪಚುನಾವಣೆ. ಮುಖಕ್ಕೆ ಮುಸುಕು ಹಾಕಿದ, ಯೂನಿಫಾರಂ ತೊಟ್ಟ ಆಳುಗಳು ಎದುರು ಪಕ್ಷದ ಅಭ್ಯರ್ಥಿಯ ಮನೆಯ ಹತ್ತಿರ ಗುಂಡು ಹಾರಿಸಿದರು. ಜನ ಗಾಯಗೊಂಡರು, ಒಬ್ಬ ಸಂಸದನಿಗೆ ಕ್ಯಾಮೆರಾ ಎದುರೇ ಕಪಾಳಕ್ಕೆ ಬಿತ್ತು. ಪಕ್ಷದ ಹುಡುಗರನ್ನೇ ಸರ್ಕಾರಿ ಭದ್ರತಾ ಪಡೆಗೆ ತುಂಬಿದ್ದಾರೆ ಎಂಬ ಆರೋಪ ಎದ್ದಿತು. ಎಮಿಲ್ ಶಾರ್ಟ್ ಎಂಬವರ ಆಯೋಗ ಕೂತಿತು, ನಮ್ಮ ವಕೀಲರು ಪ್ರಿಂಟು ತೆಗೆಸಿದ್ದು ಅದರ ವಿಷಯವನ್ನೇ. ಅದೇ ವರ್ಷ ಇಂಥ ಪಡೆಗಳನ್ನೆಲ್ಲ ನಿಷೇಧಿಸುವ ಕಾನೂನು ಬಂತು, ಸಿಕ್ಕಿಬಿದ್ದರೆ ಕಡಿಮೆಯೆಂದರೂ 10 ವರ್ಷ ಜೈಲು. ಕಾನೂನು ಬಂದರೂ 2020ರ ಚುನಾವಣೆಯಲ್ಲಿ 5 ಜನ ಸತ್ತರೆಂದು ಅಲ್ಲಿನ ಪೊಲೀಸರೇ ಹೇಳಿದರು.

ಒಂದು ವಿಷಯ ಮಾತ್ರ ತಲೆಯಲ್ಲಿ ಇಟ್ಟುಕೊಳ್ಳಿ. ನಾನಾ ಅಕುಫೊ-ಅಡ್ಡೊ ಎಂಬ ನಾಯಕ 2011ರಲ್ಲಿ ತನ್ನ ಕಾರ್ಯಕರ್ತರಿಗೆ "ಆಲ್ ಡೈ ಬಿ ಡೈ" ಎಂದ. ಹೇಗೆ ಸತ್ತರೂ ಸಾವು ಸಾವೇ, ಹೆದರಬೇಡಿ ಎಂಬ ಅರ್ಥ. ಮರುವರ್ಷದ ಚುನಾವಣೆ ಸೋತ. ಆಗ ಅವನು ಮಾಡಿದ್ದೇನು? ಸುಪ್ರೀಂ ಕೋರ್ಟಿಗೆ ಹೋದ. ಅಲ್ಲಿ ಪ್ರತಿ ಬೂತಿನಲ್ಲೂ ಎಣಿಕೆ ಮುಗಿದ ಮೇಲೆ ಲೆಕ್ಕ ಬರೆದು, ಏಜೆಂಟರ ಸಹಿ ಹಾಕಿಸುವ ಒಂದು ಹಾಳೆ ಇದೆ, ಪಿಂಕ್ ಶೀಟ್ ಅನ್ನುತ್ತಾರೆ. ಸಾವಿರಾರು ಪಿಂಕ್ ಶೀಟುಗಳನ್ನು ಹಿಡಿದು ಎಂಟು ತಿಂಗಳು ಕೇಸು ನಡೆಸಿದ, ದೇಶವೆಲ್ಲ ಟಿವಿಯಲ್ಲಿ ನೋಡಿತು. 2013ರ ಆಗಸ್ಟ್ 29ರಂದು ಅರ್ಜಿ ವಜಾ ಆಯಿತು. ತೀರ್ಪು ಒಪ್ಪಿಗೆಯಿಲ್ಲ, ಆದರೂ ತಲೆಬಾಗುತ್ತೇನೆ ಎಂದು ಗೆದ್ದವನಿಗೆ ಅಭಿನಂದನೆ ಹೇಳಿದ. ಒಳ್ಳೆಯ ಕೆಲಸವೇ. 2016ರಲ್ಲಿ ಗೆದ್ದು ಅಧ್ಯಕ್ಷನೂ ಆದ. ಆದರೆ ನೋಡಿ, ವೋಟು ಕಳುವಾಗಿದೆ ಎಂಬ ಅನುಮಾನ ನಾಯಕನಿಗೆ ನಿಜವಾಗಿ ಬಂದ ದಿನ ಅವನು ಕೈಗೆತ್ತಿಕೊಂಡದ್ದು ಕಾಗದ. ಹುಡುಗರ ತೋಳು ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಘಾನಾ ಬಿಟ್ಟು ಊರಿಗೆ ಬರೋಣ.

ತಮ್ಮಾ, ನಿನ್ನನ್ನು ಕರೆಯುವವರು "ಸ್ಟೇಷನ್ ನಮ್ಮದೇ, ಏನಾದರೂ ಆದರೆ ನೋಡ್ಕೊಳ್ತೀವಿ" ಅನ್ನುತ್ತಾರೆ. 1985ರ ನಂತರ ಕರ್ನಾಟಕದಲ್ಲಿ ಅಧಿಕಾರದಲ್ಲಿದ್ದ ಯಾವ ಪಕ್ಷವೂ ವಿಧಾನಸಭೆ ಚುನಾವಣೆ ಗೆದ್ದು ಮತ್ತೆ ಅದೇ ಕುರ್ಚಿಯಲ್ಲಿ ಕೂತಿಲ್ಲ. ಸ್ಟೇಷನ್ ಮಗ್ಗುಲು ಬದಲಿಸುತ್ತದೆ, ನಿನ್ನ ಕೇಸಿನ ನಂಬರು ಬದಲಾಗುವುದಿಲ್ಲ. "ಗೆದ್ದರೆ ಕೇಸು ವಾಪಸ್ ತೆಗೆಸ್ತೀವಿ" ಅನ್ನುವುದೂ ಬಾಯಿಮಾತು, ಅದಕ್ಕೆ ಕೋರ್ಟಿನ ಒಪ್ಪಿಗೆ ಬೇಕು. ಐದು ಜನ ಸೇರಿದರೆ ಸಾಕು, ಉದ್ದೇಶ ಕೆಟ್ಟದ್ದಾದರೆ ಅಕ್ರಮ ಕೂಟ. ಹೊಸ ನ್ಯಾಯ ಸಂಹಿತೆಯ 190ನೇ ಕಲಮಿನ ಪ್ರಕಾರ ಕಲ್ಲು ಎಸೆದವನು ನಿನ್ನ ಪಕ್ಕದವನಾದರೂ ಗುಂಪಿನ ಉದ್ದೇಶಕ್ಕೆ ನೀನೂ ಪಾಲುದಾರ. ಬೂತ್ ವಶ ಮಾಡಿಕೊಂಡರೆ ಪ್ರಜಾಪ್ರತಿನಿಧಿ ಕಾಯ್ದೆಯ 135ಎ ಇದೆ, ಒಂದರಿಂದ ಮೂರು ವರ್ಷ. ಇನ್ನು ರೌಡಿ ಶೀಟು ಒಂದು ಸಲ ತೆರೆದರೆ ಪ್ರತಿ ಚುನಾವಣೆಗೂ, ಪ್ರತಿ ಹಬ್ಬಕ್ಕೂ ಠಾಣೆಗೆ ಹೋಗಿ ಮುಚ್ಚಳಿಕೆ ಬರೆದುಕೊಡುವುದೇ ನಿನ್ನ ಜಾತ್ರೆ.

ಆದರೂ "ಕಳ್ಳವೋಟು ಹಾಕಿಸಿದರೆ ಸುಮ್ಮನೆ ನೋಡ್ತಾ ಕೂತ್ಕೊಳ್ಳೋದಾ?" ಎಂದು ಕೇಳುತ್ತೀಯ. ಒಳ್ಳೆಯ ಪ್ರಶ್ನೆ. ಕೂರಬೇಡ ಅಂತ ಹೇಳುತ್ತಿಲ್ಲ, ಒಳಗೆ ಹೋಗಿ ಕೂರು ಅನ್ನುತ್ತಿದ್ದೇನೆ. ನಿನ್ನ ಅಣ್ಣನಿಂದ ನಮೂನೆ 10 ಬರೆಸಿಕೋ. ಅದು ಪೋಲಿಂಗ್ ಏಜೆಂಟ್ ನೇಮಕದ ಕಾಗದ, ಅದರಲ್ಲಿ ಅವನ ಕಡೆಯ ಸಹಿ ಇರುತ್ತದೆ, ನಿನ್ನ ಹೆಸರಿರುತ್ತದೆ. ಬೆಳಿಗ್ಗೆ ಮತದಾನಕ್ಕೆ ಮುಂಚೆ ನಿನ್ನ ಎದುರೇ ಮೆಷಿನ್ನಿನಲ್ಲಿ ಕನಿಷ್ಠ 50 ಅಣಕು ಮತ ಹಾಕಿಸಿ ತೋರಿಸುತ್ತಾರೆ. ಸೀಲಿನ ಮೇಲೆ ನೀನು ಸಹಿ ಹಾಕಬಹುದು. ಬಂದವನು ಪಟ್ಟಿಯಲ್ಲಿರುವವನಲ್ಲ ಎಂದು ಅನುಮಾನ ಬಂತೋ, ಎರಡು ರೂಪಾಯಿ ಕಟ್ಟಿ ಆಕ್ಷೇಪಣೆ ಹೇಳು. ಹೌದು, ಎರಡೇ ರೂಪಾಯಿ. ಅಧಿಕಾರಿ ಅಲ್ಲೇ ವಿಚಾರಿಸಬೇಕು, ಕಳ್ಳ ಎಂದಾದರೆ ಪೊಲೀಸರ ಕೈಗೆ ಕೊಡಬೇಕು. ವಿಕೆಟ್ಟು ಹಿಡಿದು ಹೊಂಗೆ ಮರದ ಕೆಳಗೆ ನಿಂತ ನಾವು ಇಪ್ಪತ್ತು ಜನ ತಡೆಯಲಾರದ ಕಳ್ಳವೋಟನ್ನು ಒಳಗೆ ಕೂತ ಒಬ್ಬ ಹುಡುಗ ಎರಡು ರೂಪಾಯಿಯಲ್ಲಿ ತಡೆಯುತ್ತಾನೆ. ಸಂಜೆ ಮತದಾನ ಮುಗಿದಾಗ ನಮೂನೆ 17ಸಿಯ ಪ್ರತಿಯನ್ನು ಇಸಕೊಳ್ಳದೆ ಎದ್ದು ಬರಬೇಡ. ಬೂತಿನಲ್ಲಿ ಎಷ್ಟು ವೋಟು ಬಿತ್ತು ಎಂಬ ಲೆಕ್ಕ ಅದರಲ್ಲಿದೆ. ನಮ್ಮ ಪಿಂಕ್ ಶೀಟು ಅದು. ಎಣಿಕೆಯ ದಿನ ಮೆಷಿನ್ನಿನ ಲೆಕ್ಕ ಅದಕ್ಕೆ ತಾಳೆಯಾಗಬೇಕು.

ನಿನ್ನ ಹೆಸರಲ್ಲೇ ಯಾರಾದರೂ ವೋಟು ಹಾಕಿಬಿಟ್ಟಿದ್ದರೆ ಜಗಳಕ್ಕೆ ನಿಲ್ಲಬೇಡ, ಟೆಂಡರ್ಡ್ ವೋಟು ಕೇಳು. ಹಣ ಹಂಚುವುದು, ಹೆದರಿಸುವುದು ಕಂಡರೆ ಸಿ-ವಿಜಿಲ್ ಆಪ್‌ನಲ್ಲಿ ವಿಡಿಯೋ ಹಾಕು, ಇಲ್ಲವೇ 1950ಕ್ಕೆ ಫೋನು ಮಾಡು.

ಅಣ್ಣ ನಮೂನೆ 10 ಕೊಡುವುದಿಲ್ಲ, ಹೊರಗೆ ನಿಂತರೆ ಸಾಕು ಅಂದನೋ? ಹಾಗಾದರೆ ಅವನಿಗೆ ಬೇಕಾಗಿರುವುದು ಕಾವಲಲ್ಲ. ಅವನಿಗೆ ಬೇಕಾಗಿರುವುದು ಆ ಮುದುಕ ವಾಪಸ್ಸು ಹೋಗುವುದು. ಮೊದಲು ನಿಮ್ಮ ಮಗನನ್ನು ಆ ಮರದ ಕೆಳಗೆ ನಿಲ್ಲಿಸಿ, ಅವನ ಪಕ್ಕದಲ್ಲಿ ನಾನು ನಿಲ್ಲುತ್ತೇನೆ ಅಂತ ಹೇಳು. ನಗುತ್ತಾ ಹೇಳು, ಆದರೆ ಹೇಳು. ಅಣ್ಣನ ಮಗ ಬೆಂಗಳೂರಿನಲ್ಲಿ ಓದುತ್ತಿರುತ್ತಾನೆ, ಪರೀಕ್ಷೆ ಇರುತ್ತದೆ.

ಅಮ್ಮಂದಿರಿಗೆ ಒಂದು ಮಾತು. ಮಗ ಹೊಸ ಶಾಲು, ಪೆಟ್ರೋಲ್ ಚೀಟಿ ಮನೆಗೆ ತಂದ ದಿನ ಬೈಯಬೇಡಿ. ಬೈದರೆ ಬಾಗಿಲಾಚೆ ಹೆಸರು ಹಿಡಿದು ಕರೆಯುವವನು ಕಾದಿರುತ್ತಾನೆ. ಪಕ್ಕದಲ್ಲಿ ಕೂರಿಸಿಕೊಂಡು ಊಟಕ್ಕೆ ಹಾಕಿ, ಯಾವ ಗಾಡಿ, ಎಲ್ಲಿಗೆ, ಯಾರ ಜೊತೆ ಎಂದು ಕೇಳಿ. ಅಪ್ಪಂದಿರೇ, ಮಾತು ಬಿಟ್ಟಿದ್ದರೆ ಇವತ್ತೇ ಶುರು ಮಾಡಿ. ಊರಿನ ದೊಡ್ಡವರು, ಗ್ಯಾರೇಜು ಇಟ್ಟವರು, ಗಾರೆ ಮೇಸ್ತ್ರಿಗಳು, ಕಟ್ಟೆಯ ಮೇಲೆ ಕೂತ ಹುಡುಗನ ಹೆಸರು ನಿಮಗೆಷ್ಟು ಜನಕ್ಕೆ ಗೊತ್ತು? ಚುನಾವಣೆ ಇಲ್ಲದ ದಿನ ಅವನನ್ನು ಒಮ್ಮೆ ಹೆಸರು ಹಿಡಿದು ಕರೆಯಿರಿ.

ಬರುವ ಭಾನುವಾರ ಸಂಜೆ ಐದಕ್ಕೆ ಅರಳಿಕಟ್ಟೆಯ ಹತ್ತಿರ ಸೇರುತ್ತಿದ್ದೇವೆ. ಎಲ್ಲ ಪಕ್ಷದ ಹುಡುಗರೂ ಬನ್ನಿ, ಶಾಲು ಮನೆಯಲ್ಲಿ ಬಿಟ್ಟು ಬನ್ನಿ. ನಮೂನೆ 10 ಹೇಗೆ ತುಂಬುವುದು, ನಮೂನೆ 17ಸಿ ಹೇಗೆ ಓದುವುದು ಎಂದು ಒಬ್ಬ ವಕೀಲರು, ಚುನಾವಣೆ ಡ್ಯೂಟಿ ಮಾಡಿ ರಿಟೈರ್ ಆದ ಒಬ್ಬ ಮೇಷ್ಟ್ರು ಹೇಳಿಕೊಡುತ್ತಾರೆ. ಖಾಲಿ ನಮೂನೆಗಳ ಜೆರಾಕ್ಸು ನನ್ನ ಖರ್ಚು. ಬಾಡೂಟ ಇಲ್ಲ, ಚಹಾ ಇದೆ, ಬೋಂಡ ಇದೆ. ಪೆನ್ನು ಮಾತ್ರ ನೀವೇ ತರಬೇಕು.